ರಜೆಯಲ್ಲಿ ಕಲಿತದ್ದೆಲ್ಲ ಮರೆಯುತ್ತಾನೆ, ಶಾಲೆಯವರು ಇಎಸ್‌ವೈ (ರಜೆಯಲ್ಲೂ ಶಾಲೆ ಕೊಡುವ ವಿಶೇಷ ಪಾಠ) ಕೊಡಲ್ಲ ಅಂತಾರೆ (ಟೆಕ್ಸಾಸ್)

ಪುಟ್ಟನ ಅಮ್ಮ:
ನಾವು ಡಲ್ಲಾಸ್ ಹತ್ತಿರ ಇದ್ದೇವೆ. ಮಗನಿಗೆ ಏಳು ವರ್ಷ, ಆಟಿಸಂ, ಮಾತು ಕಡಿಮೆ. ನೀರು ಬೇಕಾದರೆ ಚಿತ್ರದ ಕಾರ್ಡ್ ಕಿತ್ತು ಟೀಚರ್ ಕೈಗೆ ಕೊಡುವುದನ್ನು ಡಿಸೆಂಬರ್ ಹೊತ್ತಿಗೆ ಕಲಿತಿದ್ದ. ಎರಡು ವಾರ ರಜೆ ಮುಗಿಸಿ ಹೋದವನು ಕಾರ್ಡ್ ಮುಟ್ಟಲೇ ಇಲ್ಲ. ಮತ್ತೆ ತೋಳು ಹಿಡಿದು ಎಳೆಯುವುದು, ಕಿರುಚುವುದು. ದಾರಿಗೆ ಬರುವಷ್ಟರಲ್ಲಿ ಫೆಬ್ರವರಿ ಮುಗಿದಿತ್ತು.

ಬೇಸಿಗೆ ರಜೆ ಎರಡು ತಿಂಗಳಿಗಿಂತ ಜಾಸ್ತಿ. ಇಎಸ್‌ವೈ ಕೇಳಿದರೆ "ಅದು ತೀರಾ ಕಷ್ಟ ಇರುವ ಮಕ್ಕಳಿಗೆ ಮಾತ್ರ" ಅಂದರು. ಅವನಿಗೆ ಏನೇನು ಪಾಠ ಬೇಕು ಅಂತ ಶಾಲೆಯವರೂ ನಾವೂ ಕೂತು ನಿರ್ಧರಿಸುವ ಎಆರ್‌ಡಿ ಮೀಟಿಂಗ್ ಮೇ ತಿಂಗಳಲ್ಲಿದೆ. ಅಲ್ಲಿ ಏನು ಹೇಳಲಿ? ನಮ್ಮ ಮನೆಯವರು "ಜಗಳ ಯಾಕೆ, ಸುಮ್ನೆ ಮೈಸೂರಿಗೆ ಹೋಗಿ ಬನ್ನಿ" ಅಂತಾರೆ.

ಆಸ್ಟಿನ್ ಅಕ್ಕ:
ಆ ಮಾತು ತಪ್ಪು ಕಣಮ್ಮ. ಇಂಥ ತೊಂದರೆ ಇರುವವರಿಗೆ ಮಾತ್ರ ಅಂತ ಗೆರೆ ಎಳೆಯುವ ಹಾಗಿಲ್ಲ, ಐಡಿಇಎ ಅನ್ನುವ ಅಮೆರಿಕದ ವಿಶೇಷ ಶಿಕ್ಷಣ ಕಾನೂನಿನ ನಿಯಮದಲ್ಲೇ ಇದೆ. ಒಂದೊಂದು ಮಗುವನ್ನೂ ಬೇರೆಯಾಗಿ ನೋಡಿ ಎಆರ್‌ಡಿ ಕಮಿಟಿ ನಿರ್ಧರಿಸಬೇಕು. ಆ ಕಮಿಟಿಯಲ್ಲಿ ನೀನೂ ಒಬ್ಬಳು.

ಟೆಕ್ಸಾಸ್‌ನಲ್ಲಿ ಅವರು ಮುಖ್ಯವಾಗಿ ನೋಡುವುದು ಎರಡು: ರಜೆಯಲ್ಲಿ ಎಷ್ಟು ಮರೆತ, ವಾಪಸ್ ಕಲಿಯಲು ಎಷ್ಟು ದಿನ ಹಿಡಿಯಿತು. ವಾಪಸ್ ಕಲಿಯಲು ಎಂಟು ವಾರಕ್ಕಿಂತ ಹೆಚ್ಚು ಕೊಡುವ ಹಾಗಿಲ್ಲ. ಎಂಟು ವಾರ ಕಾದೇ ನೋಡಬೇಕು ಅಂತಲ್ಲ, ಅದು ಗರಿಷ್ಠ ಮಿತಿ. ನಿನ್ನ ಮಗ ಎರಡು ವಾರದ ರಜೆಗೇ ಏಳು ವಾರ ತೆಗೆದುಕೊಂಡಿದ್ದಾನೆ, ಅಲ್ವಾ? ಇದನ್ನೇ ಹೇಳು.

ಮೊದಲ ವರ್ಷ ನಾನು ನನ್ನ ಮಗಳ ಮೀಟಿಂಗ್‌ನಲ್ಲಿ ಅತ್ತೆ. ಟಿಶ್ಯೂ ಕೊಟ್ಟರು, ಇಎಸ್‌ವೈ ಕೊಡಲಿಲ್ಲ. ಮರುವರ್ಷ ಅಡುಗೆಮನೆ ಗೋಡೆಯ ಪಂಚಾಂಗದ ಕ್ಯಾಲೆಂಡರನ್ನೇ ಕಿತ್ತುಕೊಂಡು ಹೋದೆ. ಏಕಾದಶಿ, ಸಂಕಷ್ಟಿ ಪಕ್ಕದಲ್ಲೆಲ್ಲ ಕೆಂಪು ಪೆನ್ನಿನಲ್ಲಿ "ಪಾರ್ಕಿಂಗ್‌ನಲ್ಲಿ ಕೈ ಬಿಡಿಸಿಕೊಂಡು ಓಡಿದಳು, 3 ಸಲ" ಅಂತ ಬರೆದಿದ್ದೆ. ಮರೆತದ್ದರಿಂದ ಮಗುವಿನ ಮೈಗೆ ಅಪಾಯ ಅಂತಾದರೆ ವಾರ ಎಣಿಸುವ ಅಗತ್ಯವೂ ಇಲ್ಲ. ಆ ಸಲ ಕೊಟ್ಟರು.

ಇಲ್ಲ ಅಂದರೆ ಬಾಯಿಮಾತಿಗೆ ಒಪ್ಪಬೇಡ. ಕಾರಣ ಬರೆದು ಪ್ರಯರ್ ರಿಟನ್ ನೋಟಿಸ್ ಕೊಡಿ ಅನ್ನು.

ಪಿಟ್ಸ್‌ಬರ್ಗ್ ಭಾವ:
ಅಕ್ಕ ಎಲ್ಲಾ ಹೇಳಿದ್ದಾರೆ. ನಮ್ಮ ಪೆನ್ಸಿಲ್ವೇನಿಯಾದ್ದೊಂದು ಸೇರಿಸುತ್ತೇನೆ. ವರ್ಷಕ್ಕೆ 180 ದಿನಕ್ಕಿಂತ ಹೆಚ್ಚು ಪಾಠ ಇಲ್ಲ ಅಂತ ಇಲ್ಲಿ ನಿಯಮ ಇತ್ತು. ಅಪ್ಪ ಅಮ್ಮಂದಿರು ಕೋರ್ಟಿಗೆ ಹೋದರು. 1979ರ ಆರ್ಮ್‌ಸ್ಟ್ರಾಂಗ್ ವರ್ಸಸ್ ಕ್ಲೈನ್ ತೀರ್ಪು ಅದನ್ನು ಮುರಿಯಿತು. ಇಎಸ್‌ವೈ ಬಂದದ್ದೇ ಜಗಳ ಆಡಿದವರಿಂದ, ನಿಮ್ಮ ಯಜಮಾನರಿಗೆ ಹೇಳಿ.

ತುಂಬಾ ಆಸೆಯನ್ನೂ ಇಟ್ಟುಕೊಳ್ಳಬೇಡಿ. ನನ್ನ ಮಗನಿಗೆ ಸಿಕ್ಕಿದ್ದು ವಾರಕ್ಕೆ ಮೂರು ಬೆಳಿಗ್ಗೆ, ಅಷ್ಟೇ. ಹೊಸದೇನೂ ಕಲಿಸಲಿಲ್ಲ, ಇದ್ದದ್ದು ಕೈ ಜಾರದ ಹಾಗೆ ನೋಡಿಕೊಂಡರು. ಒಂದು ಪೈಸೆ ಖರ್ಚಾಗಲಿಲ್ಲ.

ಪುಟ್ಟನ ಅಮ್ಮ:
ಜನವರಿ, ಫೆಬ್ರವರಿಯ ಡೇಟಾ ಶೀಟ್ ಕಳಿಸಿ ಅಂತ ಟೀಚರ್‌ಗೆ ಈಗಷ್ಟೇ ಇಮೇಲ್ ಹಾಕಿದೆ. ಮೈಸೂರಿನ ಟಿಕೆಟ್ ಮಾತ್ರ ಜೂನ್ ಎರಡಕ್ಕೇ ಆಗಿದೆ. ಜುಲೈಗೆ ಬದಲಾಯಿಸಲು ಎಷ್ಟು ಕೀಳುತ್ತಾರೋ.