ಕನ್ನಡ ಬರೆಯಲು ಇಂಕ್ ಪೆನ್: ಯಾವ ನಿಬ್ಬು, ಯಾವ ಪೆನ್ನು?

ಹೊಸಶಾಯಿ: ದಿನಕ್ಕೆ ಮೂರ್ನಾಲ್ಕು ಪುಟ ಕನ್ನಡ ಬರೆಯಬೇಕು, ಸಾಮಾನ್ಯ ಗೆರೆ ನೋಟ್‌ಬುಕ್ಕಿನಲ್ಲಿ. ಪೈಲಟ್ ಮೆಟ್ರೊಪಾಲಿಟನ್, ಲಾಮಿ ಸಫಾರಿ, ಇಲ್ಲವೇ ನಮ್ಮ ದೇಶದ ಎಬೊನೈಟ್ (ಗಟ್ಟಿ ರಬ್ಬರ್) ಪೆನ್ನು, ಈ ಮೂರರಲ್ಲಿ ಯಾವುದು? ಎಫ್ (ಸಣ್ಣ ನಿಬ್ಬು) ತಗೊಳ್ಳಲೋ, ಎಂ (ಮಧ್ಯಮ) ತಗೊಳ್ಳಲೋ? ಬಲ್ಲವರು ಹೇಳಿ.

ನಿಬ್ಬುನೋಟ: ಪೆನ್ನು ಆಮೇಲೆ, ಮೊದಲು ನಿಬ್ಬು. ಎಲ್ಲ ಕಂಪನಿಯ ಎಫ್ ಒಂದೇ ಅಳತೆ ಅಲ್ಲ. ಪೈಲಟ್‌ನ ಎಫ್ ಸುಮಾರು 0.3 ಮಿ.ಮೀ. ಗೆರೆ ಎಳೆಯುತ್ತದೆ. ಲಾಮಿಯ ಎಫ್ 0.5ರ ಆಚೀಚೆ, ಅಂದರೆ ಹೆಚ್ಚುಕಡಿಮೆ ಪೈಲಟ್‌ನ ಎಂ. ದಪ್ಪ ನಿಬ್ಬಿನಲ್ಲಿ ಸಣ್ಣಗೆ ಬರೆದರೆ ‘ಥ’ದ ಒಳಚುಕ್ಕೆ ಮುಚ್ಚಿಹೋಗುತ್ತದೆ, ‘ಧ’ದ ಸೀಳು ಕೂಡಿಕೊಂಡು ‘ದ’ ಆಗುತ್ತದೆ, ‘ರಾಷ್ಟ್ರ’ದ ಒತ್ತುಗಳು ಕೆಳಸಾಲಿನ ತಲಕಟ್ಟಿಗೆ ತಾಗುತ್ತವೆ. 8 ಮಿ.ಮೀ. ಗೆರೆಯ ಪುಸ್ತಕಕ್ಕೆ ಪೈಲಟ್ ಎಫ್ ಅಥವಾ ಲಾಮಿ ಇಎಫ್ (ಎಫ್‌ಗಿಂತ ಸಣ್ಣದು) ತಗೊಳ್ಳಿ.

ಗೀಚುಗಾರ: ಲಾಮಿ ಬಗ್ಗೆ ಒಂದು ಮಾತು. ಅದರ ಹಿಡಿ ಮೂರು ಮುಖದ್ದು, ಬೆರಳು ಅಲ್ಲೇ ಕೂರಬೇಕು. ಪೆನ್ನನ್ನು ತಿರುಗಿಸಿ ಹಿಡಿಯುವವರಿಗೆ ಅರ್ಧ ಪುಟಕ್ಕೇ ಬೆರಳು ನೋಯುತ್ತದೆ. ಒಳ್ಳೆಯದೇನೆಂದರೆ ನಿಬ್ಬು ಬದಲಿಸಬಹುದು: ಮೇಲೆ ಸೆಲೋಟೇಪ್ ಅಂಟಿಸಿ ನೇರವಾಗಿ ಮುಂದಕ್ಕೆ ಎಳೆದರೆ ಕಳಚಿ ಬರುತ್ತದೆ.

ಅಂಗಡಿಯಲ್ಲಿ ಶಾಯಿಗೆ ಅದ್ದಿ ಬರೆದು ನೋಡಿ. ಒತ್ತಬೇಡಿ, ಪೆನ್ನಿನ ಭಾರ ಸಾಕು. ಇಂಗ್ಲಿಷ್ ಸಹಿ ಹಾಕಿ ನೋಡಿದರೆ ಏನೂ ತಿಳಿಯದು. ‘ಣ’, ‘ಷ’, ‘ಕ್ಷ್ಮ’ ಬರೆಯಿರಿ, ಎಲ್ಲ ದಿಕ್ಕಿಗೂ ನಿಬ್ಬು ತಿರುಗುತ್ತದೆ. ಒಂದೇ ದಿಕ್ಕಿಗೆ ಕೆರೆದರೆ ನಿಬ್ಬಿನ ಸೀಳಿನ ಎರಡು ಬದಿಗಳು ಮೇಲೆ-ಕೆಳಗೆ ಆಗಿವೆ. ಹತ್ತು ಪಟ್ಟು ಭೂತಗನ್ನಡಿಯಲ್ಲಿ ಎದುರಿನಿಂದ ನೋಡಿದರೆ ಕಾಣುತ್ತದೆ. ನುಣ್ಣಗೆ ಜಾರುತ್ತಿದ್ದೂ ಅಕ್ಷರದ ಮೊದಲ ಗೆರೆ ಬಿಟ್ಟುಹೋಗುತ್ತಿದ್ದರೆ ತುದಿಯ ಒಳಅಂಚು ಅತಿಯಾಗಿ ಉಜ್ಜಿಹೋಗಿದೆ. ಅದನ್ನು ಮನೆಯಲ್ಲಿ ಸರಿಮಾಡುವುದು ಕಷ್ಟ, ಬೇರೆ ಕೇಳಿ.

ಹೊಸಶಾಯಿ: ಎಬೊನೈಟ್ ಸೋರುತ್ತದೆ ಅಂತಾರಲ್ಲ?

ಮಸಿಕುಡಿಕೆ: ರಾಜಮಹೇಂದ್ರವರದ ರತ್ನಂ, ತಿರುವಳ್ಳೂರಿನ ರಂಗ ಪೆನ್ನುಗಳಲ್ಲಿ ಫಿಲ್ಲರ್‌ನಿಂದ ನೇರ ಹೊಟ್ಟೆಗೇ ಶಾಯಿ ತುಂಬುವ ಬಗೆ ಇದೆ. ಶಾಯಿ ಮೂರನೇ ಒಂದು ಭಾಗಕ್ಕಿಂತ ಇಳಿದಾಗ ಒಳಗೆ ಗಾಳಿ ಹೆಚ್ಚು. ಕೈ ಬಿಸಿಗೆ ಅದು ಹಿಗ್ಗಿ ಶಾಯಿಯನ್ನು ಹೊರದಬ್ಬುತ್ತದೆ, ಪುಟದ ಮೇಲೆ ದಪ್ಪ ತೊಟ್ಟು. ಅಷ್ಟು ಇಳಿಯುವ ಮುನ್ನ ತುಂಬಿ, ತಿರುಪಿನ ಸುತ್ತುಗಳಿಗೆ ತೆಳ್ಳಗೆ ಸಿಲಿಕೋನ್ ಗ್ರೀಸ್ ಹಚ್ಚಿ. ವ್ಯಾಸಲೀನ್ ಬೇಡ, ರಬ್ಬರ್ ಉಂಗುರ ಇದ್ದರೆ ಊದಿಕೊಳ್ಳುತ್ತದೆ. ಪೈಲಟ್‌ನ ಕಾನ್-40 ಕನ್ವರ್ಟರ್ (ಶಾಯಿ ಎಳೆದುಕೊಳ್ಳುವ ಒಳಕೊಳವೆ) ಹಿಡಿಯುವುದು 0.4 ಮಿ.ಲೀ. ಅಷ್ಟೇ, ನಿಮ್ಮ ಬರವಣಿಗೆಗೆ ಪದೇ ಪದೇ ತುಂಬಬೇಕು. ಪೈಲಟ್‌ನದು ಲಾಮಿಗೆ ಕೂರದು; ಪೆಟ್ಟಿಗೆಯಲ್ಲಿ ಕನ್ವರ್ಟರ್ ಇದೆಯೇ ಎಂದು ಕೊಳ್ಳುವಾಗಲೇ ಕೇಳಿ.

ನಿಬ್ಬುನೋಟ: ಯಾವುದೇ ತಂದರೂ ಮೊದಲು ತೊಳೆಯಿರಿ. ಕಾರ್ಖಾನೆಯ ಎಣ್ಣೆಯಂಶ ಉಳಿದಿದ್ದರೆ ಶಾಯಿ ಸರಿಯಾಗಿ ಇಳಿಯದು. ಅರ್ಧ ಲೋಟ ತಣ್ಣೀರಿಗೆ ಪಾತ್ರೆ ತೊಳೆಯುವ ದ್ರವ ಒಂದೇ ಹನಿ. ಐದಾರು ಸಲ ಎಳೆದು ಬಿಟ್ಟು, ಆಮೇಲೆ ಬರಿ ನೀರಲ್ಲಿ ನೊರೆ ಹೋಗುವ ತನಕ. ಬಿಸಿನೀರು ಬೇಡ, ಎಬೊನೈಟ್ ಬಣ್ಣ ಕೆಡುತ್ತದೆ. ಅಂಗಡಿಯವರು ವಾಟರ್‌ಪ್ರೂಫ್ ಡ್ರಾಯಿಂಗ್ ಇಂಕ್ ಕೊಟ್ಟರೆ ವಾಪಸ್ ಮಾಡಿ. ಅದರಲ್ಲಿ ಅಂಟಿರುತ್ತದೆ, ಒಣಗಿದರೆ ಫೀಡ್ (ನಿಬ್ಬಿಗೆ ಶಾಯಿ ಹರಿಸುವ ಭಾಗ) ಕಟ್ಟಿಕೊಂಡು ಪೆನ್ನೇ ಹೋಗುತ್ತದೆ.