ಕವರತ್ತಿಗೆ ಪುಟ್ಟ ಮಗು ಕರ್ಕೊಂಡು ಹೋಗ್ಬೇಕು, ಗುಡ್ಡಾನೇ ಇಲ್ಲದ ದ್ವೀಪದಲ್ಲಿ ಸೈಕ್ಲೋನ್ ಬಂದ್ರೆ ಏನ್ ಮಾಡ್ತಾರೆ?

ಪಲ್ಲವಿ_ರಾಜಾಜಿನಗರ

ಎಲ್ರಿಗೂ ನಮಸ್ಕಾರ. ನಮ್ಮೆಜಮಾನ್ರಿಗೆ ಲಕ್ಷದ್ವೀಪದ ಕವರತ್ತಿಗೆ ಟ್ರಾನ್ಸ್‌ಫರ್ ಆಗಿದೆ, ಮೂರು ವರ್ಷ. ಪಾಪುಗೆ ಈಗ ಎರಡು ತುಂಬಿದೆ. ನಾನು ಹುಟ್ಟಿ ಬೆಳೆದಿದ್ದೆಲ್ಲ ಬೆಂಗಳೂರು, ಸಮುದ್ರ ಅಂದ್ರೆ ಮುರುಡೇಶ್ವರಕ್ಕೆ ಹೋದಾಗ ನೋಡಿದ್ದು ಅಷ್ಟೇ. ನಮ್ಮತ್ತೆ ದಿನಾ ಒಂದೇ ಮಾತು, ಸುನಾಮಿ ಬಂದ್ರೆ ಮಗೂನ ಎತ್ಕೊಂಡು ಎಲ್ಲಿಗೆ ಓಡ್ತೀಯ ಅಂತ, ನನ್ನ ಹತ್ರ ಉತ್ತರ ಇಲ್ಲ. ಇಡೀ ಲಕ್ಷದ್ವೀಪ ಸೇರಿಸಿದ್ರೂ 32 ಚದರ ಕಿಲೋಮೀಟರ್, ಎತ್ತರ ನೋಡಿದ್ರೆ ನಮ್ಮನೆ ಮಹಡಿಯಷ್ಟೂ ಇಲ್ಲ. 2022ರಲ್ಲಿ ಬೆಳ್ಳಂದೂರು ಕಡೆ ನೀರು ನುಗ್ಗಿದಾಗ ನಮ್ಮಕ್ಕ ಟ್ರ್ಯಾಕ್ಟರ್ ಹತ್ತಿ ಆಚೆ ಬಂದು ಸೀದಾ ನಮ್ಮನೆಗೆ ಬಂದ್ಲು, ಅಲ್ಲಿ ಯಾರ ಮನೆಗೆ ಹೋಗೋದು? ಅಲ್ಲಿದ್ದು ಬಂದವರು ಯಾರಾದ್ರೂ ಇದ್ರೆ ದಯವಿಟ್ಟು ಹೇಳಿ.

ಕಡಲತಡಿ

ಪಲ್ಲವಿಯವರೇ, ನಾನು ಉಳ್ಳಾಲದವ, ಈಗ ವಿಜಯನಗರದಲ್ಲಿ ಇರುವುದು. 2016ರಿಂದ ಮೂರು ವರ್ಷ ಕವರತ್ತಿಯಲ್ಲಿ ಕೆಲಸ ಮಾಡಿದ್ದೇನೆ. ಮೊದಲು ಆ ದ್ವೀಪ ಹೇಗೆ ಕೂತಿದೆ ಅಂತ ತಿಳ್ಕೊಳ್ಳಿ. ಪಶ್ಚಿಮಕ್ಕೆ ಲಗೂನ್ ಉಂಟು, ಅಂದ್ರೆ ಆಳ ಇಲ್ಲದ ಶಾಂತ ನೀರು, ಅದರ ಆಚೆ ಹವಳದ ದಿಬ್ಬ. ಮಳೆಗಾಲದ ದೊಡ್ಡ ಅಲೆ ಬರುವುದು ಆ ಕಡೆಯಿಂದಲೇ, ಬಂದದ್ದು ದಿಬ್ಬಕ್ಕೆ ಬಡಿದು ಅಲ್ಲೇ ಒಡೀತದೆ, ದಡಕ್ಕೆ ತಲುಪುವಾಗ ಅದರ ಸೊಕ್ಕು ಇಳಿದಿರ್ತದೆ. ನಮ್ಮ ಉಳ್ಳಾಲಕ್ಕೆ ಆ ದಿಬ್ಬ ಇಲ್ಲ, ಅದಕ್ಕೇ ಪ್ರತಿ ಮಳೆಗಾಲ ಕಡಲ್ಕೊರೆತ, ನಮ್ಮ ದೊಡ್ಡಪ್ಪನ ತೆಂಗಿನ ತೋಟ ಒಂದು ಸಾಲು ಹೋಯ್ತು.

2017ರ ಡಿಸೆಂಬರಲ್ಲಿ ಓಖಿ ಸೈಕ್ಲೋನ್ ಬಂದಾಗ ನಾನು ಅಲ್ಲೇ ಇದ್ದೆ. ದೊಡ್ಡ ಪೆಟ್ಟು ಬಿದ್ದದ್ದು ಮಿನಿಕಾಯ್, ಕಲ್ಪೇನಿ ದ್ವೀಪಗಳಿಗೆ. ನಮ್ಮನ್ನೂ ರಾತ್ರಿ ಒಂದು ಕಾಂಕ್ರೀಟ್ ಕಟ್ಟಡಕ್ಕೆ ಕಳಿಸಿದ್ರು, ಮಾಳಿಗೆ ಹತ್ತುವುದೇ ಅಲ್ಲಿಯ ಗುಡ್ಡ. ರಾತ್ರಿಯಿಡೀ ಕೇಳಿಸಿದ್ದು ಸಮುದ್ರದ ಸದ್ದಿಗಿಂತ ಹೆಚ್ಚು ತೆಂಗಿನ ಮರ ಮುರಿದು ಬೀಳುವ ಸದ್ದು. ಹಾಗಾಗಿ ಮನೆ ನೋಡುವಾಗ ತಾರಸಿ ಮನೆಯೇ ನೋಡಿ, ಗೋಡೆಗೆ ಒತ್ತಿಕೊಂಡು ತೆಂಗಿನ ಮರ ಇರ್ಬಾರ್ದು, ಹತ್ತಿರ ಮಾಳಿಗೆ ಇರುವ ಕಟ್ಟಡ ಯಾವುದು ಅಂತ ಮೊದಲ ದಿನವೇ ನಡೆದು ನೋಡಿ ಬನ್ನಿ.

ಇನ್ನೊಂದು, ನಾನು ಹೆಚ್ಚು ಹೆದರಿದ್ದು ಕಳ್ಳಕ್ಕಡಲ್‌ಗೆ. ಮಲಯಾಳದ ಮಾತು, ಆದ್ರೆ ನಮಗೂ ಅರ್ಥ ಆಗ್ತದಲ್ಲ, ಕಳ್ಳನ ಹಾಗೆ ಬರುವ ಕಡಲು. ಗಾಳಿ ಇಲ್ಲ ಮಳೆ ಇಲ್ಲ, ಸಾವಿರಾರು ಕಿಲೋಮೀಟರ್ ದೂರ ಹಿಂದೂ ಮಹಾಸಾಗರದ ದಕ್ಷಿಣ ತುದಿಯಲ್ಲಿ ಎಲ್ಲೋ ಬಿರುಗಾಳಿ ಎದ್ದಿರ್ತದೆ, ಅದರ ಅಲೆ ದಿನಗಟ್ಟಲೆ ಪ್ರಯಾಣ ಮಾಡಿ ಬಂದು ಇಲ್ಲಿ ದಡ ಹತ್ತುವುದು. ಹೆಚ್ಚಾಗಿ ಏಪ್ರಿಲ್, ಮೇ. ಸಮುದ್ರದ ಮುನ್ಸೂಚನೆ ಕೊಡುವ ಹೈದರಾಬಾದಿನ ಸರ್ಕಾರಿ ಸಂಸ್ಥೆ ಇನ್‌ಕಾಯ್ಸ್‌ನವರು ಮೊದಲೇ ಎಚ್ಚರಿಕೆ ಕೊಡ್ತಾರೆ, ಕೊಟ್ಟ ದಿನ ಮಗುವನ್ನು ದಡದ ಹತ್ರ ಬಿಡ್ಬೇಡಿ, ಆಕಾಶ ಎಷ್ಟು ತಿಳಿಯಾಗಿದ್ರೂ.

ನಡುಗಡ್ಡಿ_ಹುಡುಗ

ಅಕ್ಕಾರ, ನಮ್ದು ಲಿಂಗಸುಗೂರು ಕಡೆ ಕೃಷ್ಣಾ ನದಿ ನಡುಗಡ್ಡಿ, ಸಮುದ್ರ ಅಲ್ಲ ಖರೆ, ಆದ್ರ ಸಂಕಟ ಒಂದ ಐತಿ. ನಾರಾಯಣಪುರ ಡ್ಯಾಮಿಂದ ನೀರು ಭಾಳ ಬಿಟ್ರಂದ್ರ ದಾರಿ ಬಂದ್. 2019ರಾಗ ನಮ್ಮ ಮನಿ ಹೊಸ್ತಿಲಕ್ಕ ಒಂದು ಹನಿ ನೀರು ಬರ್ಲಿಲ್ಲರಿ, ಮನಿ ಗಟ್ಟಿ ಇತ್ತು, ದಾರಿ ಹೋತು. ನಮ್ಮವ್ವಂದು ಬಿಪಿ ಗುಳಿಗಿ ತೀರಿ ಒಂಬತ್ತು ದಿನ ಹಂಗ ಕುಂತ್ಲು, ನಾನು ಬೆಂಗಳೂರಾಗ ಕುಂತು ಫೋನ್ ಹಚ್ಚೂದೊಂದ ಕೆಲಸ, ಅದೂ ಒಮ್ಮೊಮ್ಮಿ ಹತ್ತತಿತ್ತು. ಆ ಒಂಬತ್ತು ದಿನ ನಾ ಮರೆಯಾಂಗಿಲ್ಲ. ನೀವು ನೀರು ಎಷ್ಟು ಮ್ಯಾಲ ಬರತೈತಿ ಅಂತ ಕೇಳಾಕತ್ತೀರಿ, ಹಡಗ ಎಷ್ಟು ದಿನ ಬರಾಂಗಿಲ್ಲ ಅಂತ ಮೊದ್ಲ ಕೇಳ್ರಿ. ಕೂಸಿನ ಔಷಧ, ಹಾಲಿನ ಪುಡಿ, ಓಆರ್‌ಎಸ್ ಒಂದ್ ತಿಂಗಳದ್ದು ಯಾವಾಗ್ಲೂ ಮನ್ಯಾಗ ಇರ್ಲಿ.

ಬಾವಿನೀರು

ನಡುಗಡ್ಡಿಯವರು ಹೇಳಿದ್ದಕ್ಕೆ ಒಂದು ಸೇರಿಸ್ತೀನಿ, ಕುಡಿಯೋ ನೀರು. ನಾನು ಅಂತರ್ಜಲದ ಕೆಲಸದಲ್ಲಿರೋನು. ಹವಳದ ದ್ವೀಪದ ಕೆಳಗೆ ನಮ್ಮ ಥರ ಬಂಡೆ ಇಲ್ಲ, ಸಾವಿರ ಅಡಿ ಬೋರ್ ಕೊರೆದ್ರೆ ಸಿಗೋದು ಸಮುದ್ರವೇ. ಮಣ್ಣಲ್ಲಿ ಇಂಗಿದ ಮಳೆನೀರು ಹಗುರ ಆಗಿರೋದ್ರಿಂದ ಉಪ್ಪುನೀರಿನ ಮೇಲೆ ಒಂದು ತೆಳು ಪದರವಾಗಿ ತೇಲ್ತಾ ಇರುತ್ತೆ, ಬಾವೀಲಿ ಕೊಡ ಬಿಟ್ಟು ಸೇದೋವರೆಗೂ ಅದು ಸರಿ, ಮೋಟರ್ ಹಾಕಿ ಎಳೀತಾ ಹೋದ್ರೆ ಕೆಳಗಿನ ಉಪ್ಪು ಮೇಲಕ್ಕೆ ಬರುತ್ತೆ, ಅಲೆ ಒಂದ್ಸಲ ಒಳಗೆ ಹರಿದು ಹೋದ್ರೆ ಬಾವಿ ಮತ್ತೆ ಸಿಹಿ ಆಗೋಕೆ ಎಷ್ಟೋ ಮಳೆ ಬೇಕು. ಸಮುದ್ರ ಏರ್ತಾ ಬಂದಂಗೆ ಆ ಪದರ ಇನ್ನೂ ತೆಳ್ಳಗಾಗುತ್ತೆ. ದ್ವೀಪ ಮುಳುಗೋದಕ್ಕಿಂತ ಎಷ್ಟೋ ಮೊದ್ಲೇ ನೀರು ಕೆಡುತ್ತೆ ಅನ್ನೋದು ನನ್ನ ದೊಡ್ಡ ಚಿಂತೆ.

ಕವರತ್ತೀಲಿ 2005ರಲ್ಲಿ ಚೆನ್ನೈನ ಎನ್‌ಐಒಟಿ ಅನ್ನೋ ಸಮುದ್ರ ತಂತ್ರಜ್ಞಾನ ಸಂಸ್ಥೆ ಕಟ್ಟಿದ, ಸಮುದ್ರದ ನೀರನ್ನ ಸಿಹಿ ಮಾಡೋ ಘಟಕ ಇದೆ. ಸುಮಾರು 350 ಮೀಟರ್ ಆಳದಿಂದ ತಣ್ಣನೆ ನೀರು ಎತ್ತಿ, ಮೇಲಿನ ಬೆಚ್ಚನೆ ಸಮುದ್ರದ ನೀರನ್ನ ಒತ್ತಡ ಕಮ್ಮಿ ಮಾಡಿ ಆವಿ ಮಾಡ್ತಾರೆ, ಆ ಆವಿ ತಣ್ಣೀರಿನ ಪೈಪಿಗೆ ತಾಗಿ ಸಿಹಿನೀರಾಗುತ್ತೆ. ದಿನಕ್ಕೆ 1 ಲಕ್ಷ ಲೀಟರ್ ಅಂತ ಕಟ್ಟಿದ್ದು. 2011ರ ಜನಗಣತಿ ಪ್ರಕಾರ ಊರಲ್ಲಿ ಸುಮಾರು 11,000 ಜನ, ಅಂದ್ರೆ ತಲೆಗೆ ಒಂಬತ್ತು ಲೀಟರ್. ಕುಡಿಯೋಕೆ ಅಡಿಗೆಗೆ ಆಯ್ತು, ಆದ್ರೆ ಮೆಷಿನ್ ಒಂದನ್ನೇ ನಂಬಿ ಕೂರಬೇಡಿ. ಮಾಲ್ಡೀವ್ಸ್‌ನ ಮಾಲೆಯಲ್ಲಿ 2014ರ ಡಿಸೆಂಬರಲ್ಲಿ ನೀರಿನ ಘಟಕಕ್ಕೆ ಬೆಂಕಿ ಬಿದ್ದು ನಲ್ಲಿ ನಿಂತುಹೋಯ್ತು, ಇಲ್ಲಿಂದ ವಿಮಾನದಲ್ಲಿ, ಹಡಗಲ್ಲಿ ನೀರು ಕಳಿಸಿದ್ರು. ಮನೆ ಹಿಡಿಯೋವಾಗ ಮಳೆನೀರು ತುಂಬಿಸೋ ಟ್ಯಾಂಕ್ ಇದ್ಯಾ, ಬಾವಿಗೂ ಸೆಪ್ಟಿಕ್ ಟ್ಯಾಂಕಿಗೂ ಎಷ್ಟು ದೂರ, ಇವೆರಡು ಕೇಳಿ.

ಕಡಲತಡಿಯವರೇ, ದಿಬ್ಬದ ಬಗ್ಗೆ ನೀವು ಹೇಳಿದ್ದು ನಿಜ, ಆದ್ರೆ ಅದು ಕಲ್ಲಲ್ಲ, ಜೀವ. 1998, 2010, 2016, ಮತ್ತೆ 2024, ನಾಲ್ಕು ಸಲ ಸಮುದ್ರ ಕಾದು ಹವಳ ಬೆಳ್ಳಗಾಗಿದೆ. ಸತ್ತ ಹವಳ ಸವೀತಾ ಹೋದ್ರೆ ಅಲೆ ಒಡೆಯೋದು ಯಾರು?

ಕಡಲತಡಿ

ಅದು ಹೌದು. ದಡದಲ್ಲಿ ಟೆಟ್ರಾಪಾಡ್, ಅಂದ್ರೆ ಅಲೆ ತಡೆಯುವ ನಾಲ್ಕು ಕಾಲಿನ ಕಾಂಕ್ರೀಟ್ ದಿಮ್ಮಿ, ಹಾಕಿದ್ದಾರೆ, ಇಲ್ಲದಿದ್ರೆ ಕೆಲವು ಕಡೆ ರಸ್ತೆಯೇ ಉಳೀತಿರ್ಲಿಲ್ಲ.

ಬಾವಿನೀರು

ಬೇಡ ಅಂತಿಲ್ಲ ಸಾರ್. ಆದ್ರೆ ಒಂದು ಕಡೆ ಕಾಂಕ್ರೀಟ್ ಹಾಕಿದ್ರೆ ಅದರ ಪಕ್ಕದ ಮರಳು ಹೋಗುತ್ತೆ, ನಿಮ್ಮ ಉಳ್ಳಾಲದಲ್ಲೇ ನೋಡಿರ್ತೀರ. ದಿಬ್ಬ ಉಳಿಸೋದಕ್ಕೆ ದುಡ್ಡು ಹಾಕಿದ್ರೆ ಕಾಂಕ್ರೀಟ್ ಅಷ್ಟು ಬೇಕಾಗಲ್ಲ.

ಪಲ್ಲವಿ_ರಾಜಾಜಿನಗರ

ಎಲ್ರಿಗೂ ತುಂಬಾ ಥ್ಯಾಂಕ್ಸ್, ಎಲ್ಲಾ ಬರ್ಕೊಂಡೆ. ಅತ್ತೆಗೂ ಓದಿ ಹೇಳ್ದೆ, ಹಾಗಾದ್ರೆ ಸುನಾಮಿ ಕಥೆ ಏನು ಅಂತ ಕೇಳ್ತಿದ್ದಾರೆ.

ಕಡಲತಡಿ

ಅಮ್ಮನಿಗೆ ಹೇಳಿ, ಹತ್ತಿರದಲ್ಲಿ ಅಂಥ ದೊಡ್ಡ ಭೂಕಂಪ ಆಗುವ ಜಾಗ ಇಲ್ಲ, ಇರುವುದೆಲ್ಲ ದೂರ, ಇಂಡೋನೇಷ್ಯಾದ ಸುಮಾತ್ರಾ ಒಂದು ಕಡೆ, ಪಾಕಿಸ್ತಾನ ಇರಾನ್ ಕರಾವಳಿಯ ಮಕ್ರಾನ್ ಇನ್ನೊಂದು ಕಡೆ. 2004ರಲ್ಲಿ ಸುಮಾತ್ರಾದಿಂದ ಮಾಲ್ಡೀವ್ಸ್ ತಲುಪಲು ಅಲೆಗೆ ಮೂರು ಗಂಟೆಗಿಂತ ಹೆಚ್ಚು ಹಿಡಿದಿತ್ತು, ಆದ್ರೂ ಅಲ್ಲಿ 80ಕ್ಕಿಂತ ಹೆಚ್ಚು ಜನ ಹೋದ್ರು, ಹೇಳುವವರು ಯಾರೂ ಇರ್ಲಿಲ್ಲ. ಈಗ 2007ರಿಂದ ಹೈದರಾಬಾದಲ್ಲಿ ಸುನಾಮಿ ಎಚ್ಚರಿಕೆ ಕೇಂದ್ರ ಉಂಟು. ಸುಮಾತ್ರಾದ ಪಕ್ಕದಲ್ಲೇ ಸಿಮೆಯುಲು ಅಂತ ಒಂದು ದ್ವೀಪ, ಅಲ್ಲಿ 1907ರ ಸುನಾಮಿ ನೋಡಿದ ಅಜ್ಜಿಯಂದಿರು ಮಕ್ಕಳಿಗೆ, ಮೊಮ್ಮಕ್ಕಳಿಗೆ 'ಸ್ಮಾಂಗ್' (ಅವರ ಭಾಷೆಯಲ್ಲಿ ಸುನಾಮಿ) ಅಂತ ಹೇಳ್ತಾ ಬಂದ್ರು, ಭೂಮಿ ಜೋರಾಗಿ ನಡುಗಿ ಸಮುದ್ರ ಹಿಂದೆ ಹೋದ್ರೆ ಮೇಲೆ ಓಡು ಅಂತ. 2004ರಲ್ಲಿ ಸುಮಾರು 78,000 ಜನರಲ್ಲಿ ಸತ್ತದ್ದು ಏಳೇ ಜನ. ನಿಮ್ಮತ್ತೆಯನ್ನೂ ಒಂದು ಸಲ ಕರ್ಕೊಂಡು ಹೋಗಿ, ಆದ್ರೆ ಅಕ್ಟೋಬರ್ ಕಳೆದ ಮೇಲೆ, ಮಳೆಗಾಲದಲ್ಲಿ ಹಡಗಿನಿಂದ ದೋಣಿಗೆ ಇಳಿಯುವುದು ವಯಸ್ಸಾದವರಿಗೆ ಬಹಳ ಕಷ್ಟ.