ಡಾಬರ್‌ಮನ್ ಕ್ರಾಸಿಂಗ್: ಎಕೋ ಸಾಕಾ, ಹೋಲ್ಟರ್ ಬೇಕಾ?

ಡೊಂಬಿವಲಿ ಹುಡುಗ: ನಮ್ಮ ಡಾಬರ್‌ಮನ್ ಹೆಣ್ಣಿಗೆ ಎರಡೂವರೆ ವರ್ಷ. ಮುಂದಿನ ಹೀಟ್‌ಗೆ ಕ್ರಾಸ್ ಮಾಡಿಸೋಣ ಅಂತಿದ್ದೇನೆ. ಗಂಡು ಪುಣೆಯದು, ನಾಲ್ಕು ವರ್ಷ. ಎಕೋ (ಹೃದಯದ ಸ್ಕ್ಯಾನ್) ನಾರ್ಮಲ್ ಇದೆ, ಹೋಲ್ಟರ್ (ಎದೆಗೆ ಕಟ್ಟಿ 24 ಗಂಟೆ ಬಡಿತ ದಾಖಲಿಸುವ ಯಂತ್ರ) ಸುಮ್ನೆ ಖರ್ಚು ಅಂತಾರೆ ಅದರ ಮಾಲೀಕರು. ಮಾಡಿಸಿದವರು ಹೇಳಿ.

ಮುಲುಂಡ್ ಮಾವ: ಎಕೋ ನಾರ್ಮಲ್ ಅನ್ನುವ ಮಾತು ಕೇಳಿದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ನಮ್ಮ ಗಂಡಿಗೂ ನಾರ್ಮಲ್ಲೇ ಇತ್ತು. ಮೂರನೇ ವರ್ಷ ಮಾಡಿಸಿದ್ದು, 3,500 ರೂಪಾಯಿ, ಆ ಫೈಲ್ ಇವತ್ತಿಗೂ ಕಪಾಟಿನಲ್ಲಿದೆ. ಅದನ್ನೇ ತೋರಿಸಿ ಎರಡು ಸಲ ಕ್ರಾಸ್ ಕೊಟ್ಟೆ, ಒಟ್ಟು 15 ಮರಿ. ಐದನೇ ವರ್ಷ ಒಂದು ಬೆಳಗ್ಗೆ ಹಾಲಿನವನು ಬೆಲ್ ಒತ್ತಿದ, ಇವನು ಬಾಗಿಲಿಗೆ ಓಡಿದ, ಒಂದೇ ಸಲ ಬೊಗಳಿದ, ಅಲ್ಲೇ ಬಿದ್ದ. ಹಾಲಿನ ಪ್ಯಾಕೆಟ್ ಇನ್ನೂ ನನ್ನ ಕೈಯಲ್ಲೇ ಇತ್ತು. ಈ ತಳಿಯಲ್ಲಿ ವಂಶದಿಂದ ಬರುವ ಹೃದಯ ಹಿಗ್ಗುವ ರೋಗ, ಡಿಸಿಎಂ, ಹಾಗೇ. ಹೃದಯ ಹಿಗ್ಗುವ ಮೊದಲೇ ಬಡಿತ ತಪ್ಪಬಹುದು, ಅದು ಎಕೋದಲ್ಲಿ ಕಾಣುವುದಿಲ್ಲ. 15 ಮನೆಗೂ ಫೋನ್ ಮಾಡಿ ಹೇಳಿದೆ. ನಾಲ್ಕು ಜನ ಬೈದರು, ಒಬ್ಬರು ನಂಬರ್ ಬ್ಲಾಕ್ ಮಾಡಿದರು.

ಕೊತ್ರೂಡ್ ಅಕ್ಕ: ಪುಣೆಯವರೆಲ್ಲ ಹಾಗೇ ಅಂದುಕೊಳ್ಳಬೇಡಿ. ನಾನು ನಮ್ಮ ಡಾಬರ್‌ಮನ್ ಹೆಣ್ಣಿಗೆ ವರ್ಷಕ್ಕೊಮ್ಮೆ ಎರಡೂ ಮಾಡಿಸುತ್ತಿದ್ದೆ. ಮೊದಲ ಸಲದ ಲೆಕ್ಕ ಬರೆದಿಟ್ಟಿದ್ದೇನೆ: ಹೋಲ್ಟರ್ ಬಾಡಿಗೆ, ರಿಪೋರ್ಟ್ ಸೇರಿ 8,500, ಎಕೋ 4,000, ನಾಯಿ ಕಂಡ ಕೂಡಲೇ ರಿಕ್ಷಾದವನು ಮೀಟರ್ ಹಾಕಲ್ಲ ಅಂದ, ಹೋಗಿ ಬರಲು 900. ಅಷ್ಟೂ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯಿತು. ಸಿಕ್ಕಿದ ಡೇಟ್ ಗಣಪತಿ ವಿಸರ್ಜನೆಯ ಹಿಂದಿನ ದಿನ. ಕೆಳಗೆ ಢೋಲ್-ತಾಶಾ ಪ್ರಾಕ್ಟೀಸ್ ಶುರುವಾದದ್ದೇ ಅವಳು ಮಂಚದ ಕೆಳಗೆ ನುಗ್ಗಿ ಎಲೆಕ್ಟ್ರೋಡ್ ಕಿತ್ತುಕೊಂಡಳು. 24 ಗಂಟೆಯಲ್ಲಿ 11 ಗಂಟೆ ಮಾತ್ರ ಓದಲು ಬಂತು, ದುಡ್ಡು ವಾಪಸ್ ಇಲ್ಲ. ಮುಂದಿನ ಸಲ ಎದೆಯ ಕೂದಲು ಬೋಳಿಸಿ, ಸ್ಪಿರಿಟ್ ಹಚ್ಚಿ ಒರೆಸಿ, ಮೇಲೆ ಮಗನ ಹಳೇ ಸ್ಕೂಲ್ ಟಿ-ಶರ್ಟ್ ಹಾಕಿ ಬೆನ್ನ ಮೇಲೆ ಗಂಟು ಬಿಗಿದೆ. ವಿಪಿಸಿ, ಅಂದರೆ 24 ಗಂಟೆಯಲ್ಲಿ ಹೊತ್ತಿಗೆ ಮುಂಚೆ ಬಂದ ತಪ್ಪು ಬಡಿತ, 74. ಎಂಟು ತಿಂಗಳು ಬಿಟ್ಟು ಮತ್ತೆ ಮಾಡಿಸಿದೆ, 118. ಸ್ಪೇ (ಮರಿಯಾಗದ ಆಪರೇಷನ್) ಮಾಡಿಸಿಬಿಟ್ಟೆ. ಮೂರು ಮರಿಗೆ ಅಡ್ವಾನ್ಸ್ ತಗೊಂಡಿದ್ದೆ, ಅದನ್ನೂ ವಾಪಸ್ ಕೊಟ್ಟೆ.

ವಾಸ್ಕೋ ಬಾಕ್ಸರ್: 118ಕ್ಕೆ ಸ್ಪೇ? ಅತಿಯಾಯಿತು ಅಕ್ಕಾ. ನಮ್ಮ ಬಾಕ್ಸರ್ ಹೆಣ್ಣಿಗೆ ಆ ತಳಿಯ ಹೃದಯ ರೋಗಕ್ಕೆ ತಳುಕು ಹಾಕುವ ಸ್ಟ್ರಯಾಟಿನ್ ಜೀನ್ ದೋಷ ಒಂದು ಕಾಪಿ ಇದೆ. ಏಳು ವರ್ಷವಾಯಿತು, ಒಂದು ಸಲವೂ ತಲೆ ತಿರುಗಿ ಬಿದ್ದಿಲ್ಲ. ಜೀನ್ ಇದ್ದ ಮಾತ್ರಕ್ಕೆ ರೋಗ ಬರಲೇಬೇಕೆಂದಿಲ್ಲ. ಸ್ವಲ್ಪ ಅನುಮಾನ ಬಂದದ್ದನ್ನೆಲ್ಲ ತೆಗೆಯುತ್ತಾ ಹೋದರೆ ಉಳಿಯುವುದು ನಾಲ್ಕೇ ನಾಯಿ, ಅವುಗಳಲ್ಲೇ ಅಣ್ಣ-ತಂಗಿ ಮದುವೆ ಮಾಡಿಸುತ್ತೀರಾ? ನಾನು ಹೋಲ್ಟರ್‌ಗೆ ಅಂತ ಪುಣೆಗೆ ಕಾರಿನಲ್ಲಿ ಬಂದವನು, ಘಾಟ್‌ನಲ್ಲಿ ಮೂರು ಸಲ ವಾಂತಿ, ಸೀಟ್ ಕವರ್‌ಗೇ 2,200.

ಕೊತ್ರೂಡ್ ಅಕ್ಕ: ಬಾಕ್ಸರ್ ಲೆಕ್ಕ ಡಾಬರ್‌ಮನ್‌ಗೆ ತರಬೇಡಿ. 300 ದಾಟಿದರೆ ಒಂದೇ ಸಲಕ್ಕೆ ರೋಗ ಅಂತ ಲೆಕ್ಕ, ಸರಿ. ವರ್ಷದೊಳಗೆ ಎರಡು ಸಲ 50ರಿಂದ 300ರ ನಡುವೆ ಬಂದರೂ ಅದೇ ಲೆಕ್ಕ. ನನಗೇನು ಖುಷಿಯಾಗಿತ್ತಾ ಸ್ಪೇ ಮಾಡಿಸಲು?

ವಾಶಿ ಗೌಡ: ಇಷ್ಟೆಲ್ಲ ರಗಳೆ ಯಾಕ್ರೀ? ನಮ್ಮ ಮುಧೋಳ ನಾಯಿ ಸಾಕಿ. ಸೈನ್ಯದವರೇ ಮೀರತ್‌ನ ತಮ್ಮ ನಾಯಿ ತರಬೇತಿ ಕೇಂದ್ರಕ್ಕೆ ತಗೊಂಡು ಹೋಗಿದ್ದಾರೆ. ಡಾಕ್ಟರ್ ಮುಖ ನೋಡದೆ ನಮ್ಮದು 12 ವರ್ಷ ಬದುಕಿತ್ತು.

ಮುಲುಂಡ್ ಮಾವ: ಡಾಕ್ಟರ್ ಮುಖ ನೋಡದಿದ್ದರೆ ರೋಗ ಇಲ್ಲ ಅಂತಾನಾ? ನಾನೂ ಹಾಗೇ ಅಂದುಕೊಂಡಿದ್ದೆ.

ವಾಶಿ ಗೌಡ: ಮಾವ, ನಿಮ್ಮ ದುಃಖ ನಿಮಗೆ. ಕರ್ನಾಟಕದ ತಳಿಗೆ ಯಾಕೆ ಹೆಸರಿಡುತ್ತೀರಿ?

ಮುಲುಂಡ್ ಮಾವ: ತಳಿಗೆ ಯಾರು ಹೆಸರಿಟ್ಟರು? ನಾನು ಬಾಗಲಕೋಟೆಯವನೇ.

ವಾಸ್ಕೋ ಬಾಕ್ಸರ್: ಗೌಡ್ರೇ, ಆರನೇ ಮಹಡಿಯ ಫ್ಲ್ಯಾಟ್‌ನಲ್ಲಿ ಬೇಟೆ ನಾಯಿ ಕಟ್ಟಿ ಹಾಕುವುದು ಯಾವ ಪುಣ್ಯ?

ವಾಶಿ ಗೌಡ: ಎರಡನೇ ಮಹಡಿ. ದಿನಾ ಎರಡು ಗಂಟೆ ಪಾಮ್ ಬೀಚ್ ರಸ್ತೆ ಕಡೆ ಓಡಿಸುತ್ತಿದ್ದೆ, ನೀವು ಬಂದು ನೋಡಿದ್ದಿರಾ?

ಡೊಂಬಿವಲಿ ಹುಡುಗ: ಕ್ಷಮಿಸಿ, ನಡುವೆ ಬಾಯಿ ಹಾಕುತ್ತೇನೆ. ಪುಣೆಯವರಿಗೆ ಫೋನ್ ಮಾಡಿ, ಹೋಲ್ಟರ್‌ನ ಅರ್ಧ ದುಡ್ಡು ನಾನೇ ಕೊಡುತ್ತೇನೆ ಅಂದೆ. ಬೇರೆ ಹೆಣ್ಣು ಸಿಕ್ಕಿದೆ ಅಂದರು. ನಮ್ಮವಳಿಗೆ ಮಾತ್ರ ಶನಿವಾರ ಹಾಕಿಸುತ್ತಿದ್ದೇನೆ. ಅಕ್ಕಾ, ಆ ಟಿ-ಶರ್ಟ್ ಯಾವ ಸೈಜ್?

ಕೊತ್ರೂಡ್ ಅಕ್ಕ: 34. ಕಾಟನ್ ಇರಲಿ. ಮೊದಲು ಸೊಸೈಟಿಯಲ್ಲಿ ಶನಿವಾರ ಹಳದಿ ಶಾಸ್ತ್ರ, ಮದುವೆ ಏನಾದರೂ ಇದೆಯಾ ಕೇಳಿಕೊಳ್ಳಿ.

ವಾಶಿ ಗೌಡ: ಮುಧೋಳಕ್ಕೆ 34 ಲೂಸ್ ಆಗುತ್ತದೆ.